ಮೇಷ್ಟ್ರು ಬರೆಯದ ಸಾಲು

ನಮ್ಮ ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದಲ್ಲಿ ಕಂಪ್ಯೂಟರಿನ ಲೆಕ್ಕದ ಹಾಳೆಗಳಿಗೆ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ನಡೆಸುವ ಆಜ್ಞೆಗಳ ಸಾಲುಗಳನ್ನು, ಬರೆಯುವ ಕೆಲಸವನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದವರು ಯಾರೆಂದು ಕೇಳಿದರೆ, ಅವರನ್ನು ಕಂಡರಾಗದವರ ಬಾಯಲ್ಲೂ ಬರುವ ಉತ್ತರ ಒಂದೇ: ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎದುರಿಗೆ ಕೂತವರಿಗೆ ಅರ್ಥವಾಗುವ ತನಕ ಬಿಡದೆ ತಲೆ ತಿನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು. ಮುಂಗೋಪಿ, ಹಟಮಾರಿ, ತಮ್ಮ ಕುರ್ಚಿಯನ್ನು ಯಾರಾದರೂ ತುಸು ಏರಿಸಿದರೂ ಕೂಗಾಡುವವರು. ಇಂಥದ್ದನ್ನೆಲ್ಲ ಅಭಿನಂದನ ಗ್ರಂಥದಲ್ಲಿ ಬರೆಯಬಾರದೆಂಬುದು ಶಿಷ್ಟಾಚಾರ. ಬರೆಯಬಾರದ್ದು ಇನ್ನೂ ಇದೆ. ಅದನ್ನೂ ಇಲ್ಲಿ ಬರೆಯಲಾಗುವುದು.

ಅವರು ಸೇವೆಗೆ ಸೇರಿದಾಗ ಯಂತ್ರಗಳು ಕೊಟ್ಟ ಅಂಕಿಗಳನ್ನು ಕೈಯಲ್ಲಿ ಎತ್ತಿ ಬರೆಯುತ್ತಿದ್ದರು. ಆ ಅಂಕಿಗಳು ತಾವಾಗಿಯೇ ಹಾಳೆಗಿಳಿದು ರಿಪೋರ್ಟಾಗಿ ಅಚ್ಚಾಗುವ ಮ್ಯಾಕ್ರೋವನ್ನು ಮೇಷ್ಟ್ರು ಬರೆದರು. ಅಂಕಿ ಅಪಾಯದ ಗೆರೆ ದಾಟಿದರೆ ವೈದ್ಯರ ಫೋನಿಗೆ ಕೂಡಲೇ ಸಂದೇಶ ಕಳಿಸುವ ಎಚ್ಚರಿಕೆಯ ಮಾಡ್ಯೂಲನ್ನು ಬೇರೆಯಾಗಿ ಬರೆದರು. ಈ ಮಾಡ್ಯೂಲ್ ಎಲ್ಲ ಕಡೆಯೂ ಇರುತ್ತಿರಲಿಲ್ಲ; ಊರಾಚೆಯ ನಮ್ಮ ಸಣ್ಣ ಶಾಖೆಯ ಹಳೆಯ ಕಂಪ್ಯೂಟರ್ ಅದನ್ನು ಹೊರಲಾರದಾಗಿತ್ತು. ಇದ್ದರೆ ಬಳಸಬೇಕು, ಇಲ್ಲದಿದ್ದರೂ ರಿಪೋರ್ಟ್ ನಿಲ್ಲಬಾರದು. ಇದಕ್ಕೆ ಮೇಷ್ಟ್ರ ಪದ್ಧತಿ ಹೀಗಿತ್ತು: ‘ತಪ್ಪು ಬಂದರೂ ಮುಂದೆ ಸಾಗು’ ಎಂಬರ್ಥದ ಆಜ್ಞೆ ಹಾಕಿ, ಮಾಡ್ಯೂಲ್ ಇದೆಯೇ ಎಂದು ವಿಚಾರಿಸಿ, ಮರುಸಾಲಿನಲ್ಲೇ ಆ ಆಜ್ಞೆಯನ್ನು ರದ್ದುಮಾಡುವುದು, ಮಾಡ್ಯೂಲ್ ಇಲ್ಲವಾದರೆ ‘ಎಚ್ಚರಿಕೆ ಹೋಗಿಲ್ಲ, ಫೋನ್ ಮಾಡಿ’ ಎಂದು ರಿಪೋರ್ಟಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕುವುದು. ರದ್ದುಮಾಡದೆ ಬಿಟ್ಟರೆ ಆಮೇಲೆ ಬರುವ ಎಲ್ಲ ತಪ್ಪುಗಳನ್ನೂ ಮ್ಯಾಕ್ರೋ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ.

“ಇಲ್ಲ ಅಂದ್ರೆ ಇಲ್ಲ ಅಂತ ಬಾಯ್ಬಿಟ್ಟು ಹೇಳ್ಬೇಕು ಕಣಪ್ಪಾ. ಮುಚ್ಕೊಂಡು ಮುಂದೆ ಹೋಗೋದು ಕಳ್ಳತನ,” ಎಂದು ಮೇಜು ಕುಟ್ಟಿ ಹೇಳುತ್ತಿದ್ದರು.

ಅವರ ಉಪಕಾರಗಳನ್ನು ನೆನೆಯುವುದು ಇಂಥ ಲೇಖನದ ಧರ್ಮ. ಹೊಸದಾಗಿ ಬಂದ ಗುಮಾಸ್ತನೊಬ್ಬ ಒಂದಿಡೀ ವಾರದ ಫಲಿತಾಂಶಗಳನ್ನು ಅಳಿಸಿಹಾಕಿ ಬೆವರುತ್ತ ನಿಂತಿದ್ದ. ಮೇಷ್ಟ್ರು ಅವನಿಗೆ ಮನಸಾರೆ ಬೈದು, ಊಟ ಬಿಟ್ಟು ಕೂತು ಅಷ್ಟನ್ನೂ ಯಂತ್ರಗಳಿಂದ ಮತ್ತೆ ಇಳಿಸಿಕೊಟ್ಟರು. ಮೇಲ್ವಿಚಾರಕರ ಮುಂದೆ “ಅದು ನನ್ನ ಮ್ಯಾಕ್ರೋದ ದೋಷ ಸಾರ್” ಎಂದುಬಿಟ್ಟರು. ಆಮೇಲೆ ಅದೇ ರೂಢಿಯಾಯಿತು. ಯಾರು ಯಾವ ಎಡವಟ್ಟು ಮಾಡಿದರೂ ದೋಷ ಮ್ಯಾಕ್ರೋದ್ದು. ನಾವೆಲ್ಲ ಅವರ ಬೆನ್ನ ಹಿಂದೆ ಆರಾಮವಾಗಿ ಬದುಕಿದೆವು.

ಮುಂದೊಂದು ವರ್ಷ ಮೇಷ್ಟ್ರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ರಜೆ ಹಾಕಿದರು. ಶಾಖೆಯ ರಿಪೋರ್ಟುಗಳ ಮೇಲಿನ ದಪ್ಪಕ್ಷರ ಮೇಲ್ವಿಚಾರಕರ ಕಣ್ಣು ಕುಕ್ಕುತ್ತಲೇ ಇತ್ತು. “ನಮ್ಮ ಮಾನ ನಾವೇ ಹರಾಜು ಹಾಕೋದಾ? ತೆಗೀರಿ ಅದನ್ನ!” ಎಂದರು. ತೆಗೆದವನು ಅದೇ ಗುಮಾಸ್ತ, ಆ ಹೊತ್ತಿಗೆ ಸಹಾಯಕನಾಗಿ ಬಡ್ತಿ ಪಡೆದಿದ್ದ. ವಿಚಾರಿಸುವ ಸಾಲುಗಳನ್ನೂ ದಪ್ಪಕ್ಷರವನ್ನೂ ಕಿತ್ತುಹಾಕಿ, ಮ್ಯಾಕ್ರೋದ ತಲೆಯ ಮೇಲೆ ‘ಮುಂದೆ ಸಾಗು’ ಎಂಬ ಒಂದೇ ಸಾಲನ್ನು ಕೂರಿಸಿದ. ತನ್ನ ಕಂಪ್ಯೂಟರಿನಲ್ಲಿ ನಡೆಸಿ ನೋಡಿದ; ಅಲ್ಲಿ ಮಾಡ್ಯೂಲ್ ಇತ್ತು, ಎಲ್ಲ ಸುಸೂತ್ರವಾಗಿ ನಡೆಯಿತು. ಅದನ್ನೇ ಶಾಖೆಗೂ ಕಳಿಸಿದ. ಇಡೀ ವಿಭಾಗ ಅವನ ಕುರ್ಚಿಯ ಸುತ್ತ ನಿಂತು ನೋಡಿತು.

ಶಾಖೆಯಲ್ಲಿ ಒಬ್ಬ ವೃದ್ಧೆಯ ರಕ್ತದಲ್ಲಿ ಪೊಟ್ಯಾಶಿಯಂ ಹೃದಯ ನಿಲ್ಲಿಸುವಷ್ಟು ಮಿತಿಮೀರಿತ್ತು. ಅಲ್ಲಿ ಮಾಡ್ಯೂಲ್ ಇಲ್ಲದೆ ಸಂದೇಶ ಹೋಗಲಿಲ್ಲ, ದಪ್ಪಕ್ಷರವೂ ಇಲ್ಲದೆ ಹೋಗಲಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ಚೊಕ್ಕವಾಗಿ ಅಚ್ಚಾದ ರಿಪೋರ್ಟ್ ವೈದ್ಯರ ಕೈ ಸೇರುವಷ್ಟರಲ್ಲಿ ಆ ತಾಯಿ ತೀರಿಕೊಂಡಿದ್ದರು.

ವಿಚಾರಣೆ ನಡೆಯಿತು. “ಮ್ಯಾಕ್ರೋದ ಮೇಲೆ ಹೆಸರಿರೋದು ನಿಮ್ದೇ ಅಲ್ವಾ?” ಎಂದು ವಿಚಾರಣೆಯ ಅಧಿಕಾರಿ ಕೇಳಿದರು. “ಹೆಸರು ನಂದು. ಆ ಸಾಲು ನಂದಲ್ಲ,” ಎಂದರು ಮೇಷ್ಟ್ರು. “ಹಿಂದೆ ಎಷ್ಟು ಸಲ ನೀವೇ ನನ್ನ ದೋಷ ಅಂತ ಒಪ್ಕೊಂಡಿದೀರಿ! ಈಗ ಜೀವ ಹೋಗಿದೆ ಅಂತ ಅಲ್ಲ ಅಂತೀರಾ?” ಮೇಷ್ಟ್ರು ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರಾದರೊಬ್ಬರು ಎದ್ದಾರು ಎಂದು ಅವರು ನಿಜಕ್ಕೂ ನಂಬಿದ್ದರು. ಇಡೀ ವಿಭಾಗ ನೆಲ ನೋಡುತ್ತ ಕೂತಿತ್ತು. ಅವರ ಬಡ್ತಿ ನಿಂತಿತು, ಅವರನ್ನು ನೆಲಮಾಳಿಗೆಯ ದಾಸ್ತಾನು ಕೋಣೆಗೆ ಹಾಕಿದರು. ಸಾಲು ಕೂರಿಸಿದ ಆ ಸಹಾಯಕರೇ ಕಾಲಕ್ರಮದಲ್ಲಿ ವಿಭಾಗದ ಮುಖ್ಯಸ್ಥರಾದರು.

ಬಡ್ತಿ ಹೋದದ್ದನ್ನು ಮೇಷ್ಟ್ರು ಬೈದು ಬೈದು ಅರಗಿಸಿಕೊಂಡರು. ಅರಗದೆ ಉಳಿದದ್ದು ಬೇರೆ. ತೀರಿಕೊಂಡ ತಾಯಿಯ ಮಗಳದು ಮೇಷ್ಟ್ರ ಬೀದಿಯಲ್ಲೇ ಹೊಲಿಗೆ ಅಂಗಡಿ. ಇವರ ಮನೆಯ ಬಟ್ಟೆಯೆಲ್ಲ ಅಲ್ಲೇ ಹೊಲಿಸುತ್ತಿದ್ದುದು. ವಿಚಾರಣೆಯ ತೀರ್ಪು ಕಿವಿಗೆ ಬಿದ್ದ ಮೇಲೆ ಆಕೆ ಮೇಷ್ಟ್ರು ಕಂಡರೆ ಹೊಲಿಗೆ ಯಂತ್ರ ನಿಲ್ಲಿಸಿ, ಅವರು ದಾಟುವ ತನಕ ಕಣ್ಣು ಕೀಳದೆ ನೋಡುತ್ತಿದ್ದಳು. ಬೈದಿದ್ದರೆ ಮೇಷ್ಟ್ರು ಉತ್ತರ ಕೊಡುತ್ತಿದ್ದರು. ಅಂದಿನಿಂದ ಅವರು ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಹಾಲು ತರುತ್ತಾರೆ.

“ಹೋಗಿ ಹೇಳ್ಬಾರ್ದೇನ್ರೀ, ನಾನಲ್ಲಮ್ಮ ಅಂತ?” ಎಂದು ಹೆಂಡತಿ ಎಷ್ಟೋ ಸಲ ಕೇಳಿದ್ದಾರೆ.

“ಕೊಂದವ್ನು ಇನ್ನೇನು ಹೇಳ್ತಾನೆ ಅನ್ಕೊಳ್ತಾಳೆ ಕಣೇ. ಬೇರೆಯವ್ರು ಹೇಳ್ಬೇಕು.”

ನಿವೃತ್ತಿಯ ದಿನ ಮುಖ್ಯಸ್ಥರು ನೆಲಮಾಳಿಗೆಗೆ ಇಳಿದು ಬಂದರು. “ನಿಮ್ಮ ಹೆಸರಲ್ಲಿ ಗ್ರಂಥ ತರ್ತಿದೀವಿ ಸಾರ್. ಇನ್ನೇನು ಬೇಕು ಹೇಳಿ,” ಎಂದರು.

“ಗ್ರಂಥ ಹಾಗಿರ್ಲಿ. ನಮ್ಮ ಬೀದಿಯ ಹೊಲಿಗೆ ಅಂಗಡಿಗೆ ಹೋಗಿ, ‘ಆ ಸಾಲು ನಂದು’ ಅಂತ ಆ ಹೆಣ್ಮಗಳಿಗೆ ನೀನೇ ಹೇಳಿ ಬಾರಪ್ಪ. ಅಷ್ಟು ಸಾಕು.”

“ಈಗ್ಯಾಕೆ ಸಾರ್ ಹಳೇದೆಲ್ಲ? ಅವ್ರೂ ಮರ್ತಿರ್ತಾರೆ ಬಿಡಿ.”

ಥೂ, ಎಂಥ ಮಾತು! ತಾಯಿಯನ್ನು ಯಾರು ಮರೆಯುತ್ತಾರೆ?

ಮೇಷ್ಟ್ರು ದೀರ್ಘಾಯುಷಿಗಳಾಗಿ, ಧರ್ಮಾರ್ಥ ಔಷಧಾಲಯವೊಂದಕ್ಕೆ ಈಗ ಸಂಬಳವಿಲ್ಲದೆ ಬರೆಯುತ್ತಿರುವ ಹಾಳೆಗಳ ಕೆಲಸವನ್ನು ಬೈದಾಡುತ್ತಲೇ ಬಹುಕಾಲ ಮುಂದುವರಿಸಲಿ, ಅವರ ಕಣ್ಣು ಚುರುಕಾಗಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಮುಖ್ಯಸ್ಥರು ಹೊಲಿಗೆ ಅಂಗಡಿಗೆ ಈವರೆಗೂ ಹೋಗಿಲ್ಲ. ಆದಕಾರಣ ಈ ಗ್ರಂಥದ ಮೊದಲ ಪ್ರತಿ, ಈ ಪುಟದ ಮೂಲೆ ಮಡಚಿಕೊಂಡು, ನೇರವಾಗಿ ಅಲ್ಲಿಗೆ ಹೋಗುತ್ತದೆ. ತಂಗೀ, ನಿಮ್ಮ ತಾಯಿಯ ಜೀವ ತೆಗೆದ ಸಾಲನ್ನು ಮೇಷ್ಟ್ರು ಬರೆಯಲಿಲ್ಲ. ಬರೆಯುವುದನ್ನು ನಾವೆಲ್ಲ ನಿಂತು ನೋಡಿದೆವು.