ಡೈರಿ ಪೆಟ್ಟಿಗೆಯ ಜ್ವರ

ಗುಜರಿಯವನಿಗೆ ಕೊಡಲೆಂದು ಇವತ್ತು ಅಂಗಡಿಯ ಅಟ್ಟ ಖಾಲಿ ಮಾಡುತ್ತಿದ್ದೆ. ಒಂದು ಹಳೆಯ ಟ್ರಾನ್ಸ್‌ಫಾರ್ಮರ್ ಕೈಗೆ ಬಂತು. ಕಾದು ಕಾದು ಕಪ್ಪಾದ ವಾರ್ನಿಷ್ಷಿನ ವಾಸನೆ ಇನ್ನೂ ಹೋಗಿಲ್ಲ. ನಿಮಗಾದರೆ ಅದು ಬರೀ ಸುಟ್ಟ ವಾಸನೆ. ನನಗೆ ಬೈರಾಪಟ್ಟಣದ ಕಡೆಯ ಒಂದು ಹಾಲಿನ ಡೈರಿ ನೆನಪಾಯಿತು.

ಚನ್ನಪಟ್ಟಣದಲ್ಲಿ ನನ್ನದು ರಿಪೇರಿ ಅಂಗಡಿ. ಮಿಕ್ಸಿಯಿಂದ ಹಿಡಿದು ತೂಕದ ಯಂತ್ರದವರೆಗೆ ಏನು ತಂದರೂ ಬೇಡವೆಂದವನಲ್ಲ. ತಂದದ್ದೆಲ್ಲ ರಿಪೇರಿಯಾಗುತ್ತಿತ್ತೆಂದು ಮಾತ್ರ ತಿಳಿಯಬೇಡಿ.

ಆ ಡೈರಿಯಲ್ಲಿ ಹಾಲಿನ ತೂಕ ಒಳಗಿನ ತೂಕದ ಯಂತ್ರದ ಪೆಟ್ಟಿಗೆಯಿಂದ ತಂತಿಯಲ್ಲಿ ಹೋಗಿ ಹೊರಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕಿಯಾಗಿ ಕಾಣುತ್ತಿತ್ತು. ಆ ಸುದ್ದಿ ದಾಟಿಸಲು ಹಳೆಯ ಸರ್ಕ್ಯೂಟಿಗೆ ಎರಡು ಬಗೆಯ ಕರೆಂಟು ಬೇಕು: ಪ್ಲಸ್ ಹನ್ನೆರಡು ವೋಲ್ಟ್, ಮೈನಸ್ ಹನ್ನೆರಡು ವೋಲ್ಟ್. ಅದಕ್ಕಾಗಿಯೇ ಈ ಟ್ರಾನ್ಸ್‌ಫಾರ್ಮರ್. ಇದರ ಕಾವಿಗೆ ಪೆಟ್ಟಿಗೆಯ ಮೈ ಯಾವಾಗಲೂ ಬೆಚ್ಚಗೆ. ಹಾಲು ಹಾಕಲು ಬಂದ ಹೆಂಗಸರು ಮೊದಲು ಅದರ ಮೇಲೆ ಅಂಗೈ ಇಟ್ಟು ನೋಡುವರು, ಕರುವಿನ ಕಿವಿ ಮುಟ್ಟಿ ನೋಡಿದ ಹಾಗೆ. ಬೆಚ್ಚಗಿದ್ದರೆ ಯಂತ್ರ ಸರಿಯಾಗಿದೆಯೆಂದು ಅರ್ಥ. ಯಾರು ಕಲಿಸಿದರೋ ಕಾಣೆ.

ಮೈನಸ್ ಭಾಗ ಕೈಕೊಟ್ಟಾಗ ಶುರುವಾಯಿತು ಫಜೀತಿ. ಹೊಸ ತೂಕ ಹೊರಗೆ ತಲುಪದೆ ಹಿಂದಿನವರ ಅಂಕಿಯೇ ಬೋರ್ಡಿನಲ್ಲಿ ನಿಂತುಬಿಡುವುದು. ಸೆಕ್ರೆಟರಿ ಜಯಮ್ಮ ಒಳಗಿನ ಸರಿಯಾದ ತೂಕ ಬರೆದರೂ ಹೊರಗೆ ಬೇರೆಯೇ ಕಾಣುವುದು. ನಾನು ಹೋದ ದಿನ ಬೆಳಗ್ಗೆ ಲಿಂಗಮ್ಮ ಎಂಬಾಕೆ ಕ್ಯಾನು ಕುಕ್ಕಿ ನಿಂತಿದ್ದರು.

"ಬೋರ್ಡಲ್ಲಿ ಜಾಸ್ತಿ ತೋರುಸ್ತೈತೆ, ನೀನು ಕಮ್ಮಿ ಬರ್ಕತೀಯ. ಪೆಟ್ಗೆ ಬೆಚ್ಚಗೇ ಐತೆ, ಅದುಕ್ಕೇನೂ ಆಗಿಲ್ಲ. ಆಗಿರೋದು ನಿನ್ ಕೈಗೆ ಕಣೇ ಜಯಮ್ಮ!"

ಜಯಮ್ಮ ಜಗಳಕ್ಕೆ ನಿಲ್ಲಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಇವತ್ತು ಇದುನ್ನ ಸರಿ ಮಾಡ್ಬುಡಿ ಅಣ್ಣ. ಇಲ್ದಿದ್ರೆ ನಾಳೆಯಿಂದ ನಾನು ಬರಾಕಿಲ್ಲ. ಕಳ್ಳಿ ಅನ್ನಿಸ್ಕಂಡು ಈ ಕುರ್ಚಿ ಮೇಲೆ ಕೂರಕ್ಕಾಗಲ್ಲ." ನನಗೆ ನಿಜಕ್ಕೂ ಸಂಕಟವಾಯಿತು.

ಹಳೆಯ ಬಿಡಿಭಾಗಗಳು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಸರ್ಕ್ಯೂಟನ್ನೂ ಟ್ರಾನ್ಸ್‌ಫಾರ್ಮರನ್ನೂ ಕಿತ್ತು, ಬೆರಳುಗುರಿನಷ್ಟು ಚಿಪ್ ಒಂದನ್ನು ಕೂರಿಸಿದೆ. ಐದು ವೋಲ್ಟ್ ಕೊಟ್ಟರೆ ಸಾಕು, ಬೇಕಾದ ಪ್ಲಸ್ಸು ಮೈನಸ್ಸು ಎರಡನ್ನೂ ತಾನೇ ಹುಟ್ಟಿಸಿಕೊಳ್ಳುತ್ತದೆ, ಕೊಟ್ಟದ್ದರಲ್ಲೇ ಸಂಸಾರ ತೂಗಿಸುವ ಸೊಸೆಯ ಹಾಗೆ. ಸಂಜೆ ಹಾಲಿನ ಹೊತ್ತಿಗೆ ಬೋರ್ಡು ಸರಿಯಾಗಿತ್ತು. ನಾನು ಹೊಗಳಿಕೆಗೆ ಕಾದು ನಿಂತೆ.

ಲಿಂಗಮ್ಮ ಪೆಟ್ಟಿಗೆ ಮುಟ್ಟಿ ಕೈ ಹಿಂದಕ್ಕೆ ತೆಗೆದರು. "ತಣ್ಣಗೈತಲ್ಲಪ್ಪ! ಸತ್ತೋಗೈತೆ ಇದು."

ಸಾಲಿನವರೆಲ್ಲ ಒಬ್ಬೊಬ್ಬರಾಗಿ ಮುಟ್ಟಿ, ಹಾಲು ಸುರಿಯದೆ ನಿಂತರು. ನಾನು ವೋಲ್ಟಿನ ಪಾಠ ಶುರುಮಾಡಿದೆ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಜಯಮ್ಮನೇ ನಡುವೆ ಬಾಯಿ ಹಾಕಿದರು.

"ಸತ್ತಿಲ್ಲ ಕಣಕ್ಕ. ಇಷ್ಟು ದಿನ ಜ್ವರ ಇತ್ತು. ಜ್ವರದಲ್ಲಿ ಅವ್ರಿವ್ರ ಲೆಕ್ಕ ಬಡಬಡಿಸ್ತಿತ್ತು. ಈಗ ಬುಟ್ಟೈತೆ. ಒಸಿ ಸುರ್ದು ನೋಡು."

ಲಿಂಗಮ್ಮ ಸುರಿದರು. ಒಳಗೂ ಹೊರಗೂ ಒಂದೇ ಅಂಕಿ. ಸಾಲು ಮುಂದೆ ಸರಿಯಿತು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಜಯಮ್ಮ ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಮಾತ್ರ ಧೈರ್ಯ ಸಾಲಲಿಲ್ಲ. ಇವರು ಮತ್ತೆ ತಕರಾರು ತೆಗೆದರೆ ಬರೀ ಬೆಚ್ಚಗಿರಲೆಂದಾದರೂ ಕೂರಿಸಬೇಕಾದೀತೆಂದು ಹಳೆಯ ಟ್ರಾನ್ಸ್‌ಫಾರ್ಮರನ್ನು ಚೀಲದಲ್ಲಿ ತಂದು ಅಟ್ಟಕ್ಕೆ ಹಾಕಿದ್ದೆ.

ಇವತ್ತು ಅದರ ವಾಸನೆ ಮೂಗಿಗೆ ಬಡಿದ ಮೇಲೆ ತಡೆಯಲಾರದೆ ಜಯಮ್ಮನಿಗೆ ಫೋನ್ ಮಾಡಿ ಪೆಟ್ಟಿಗೆ ಹೇಗಿದೆಯೆಂದು ಕೇಳಿದೆ. ಜೋರಾಗಿ ನಕ್ಕರು.

"ಮೊನ್ನೆ ಕಿಟಕಿ ಬಿಸ್ಲು ಬಿದ್ದು ಬೆಚ್ಚಗಾಗ್ಬುಟ್ಟಿತ್ತು ಕಣಣ್ಣ. ಲಿಂಗಕ್ಕ ಮುಟ್ಬುಟ್ಟು ಯಾರ್ಗೂ ಹಾಲು ಸುರಿಯಕ್ಕೆ ಬುಡ್ನಿಲ್ಲ. 'ತಡೀರೇ, ಪೆಟ್ಗೆಗೆ ಜ್ವರ ಬಂದೈತೆ, ಆಮೇಲೆ ಸುಮ್‌ಸುಮ್ನೆ ನಮ್ ಜಯಮ್ಮನ್ ಮೇಲೆ ಮಾತು ಬತ್ತದೆ' ಅಂದ್ಬುಡ್ತು."

ಫೋನ್ ಇಟ್ಟು, ಟ್ರಾನ್ಸ್‌ಫಾರ್ಮರನ್ನು ಇನ್ನೊಮ್ಮೆ ಮೂಸಿ ನೋಡಿದೆ. ಆಮೇಲೆ ಗುಜರಿ ಚೀಲಕ್ಕೆ ಹಾಕಿದೆ.