ಗಂಗವ್ವನಿಗೆ ಚಾ ಆಯಿತೇ?

ರಾಯಚೂರಿನ ತೀನ್ ಕಂದೀಲ್ ಹತ್ತಿರ ಕೊಟ್ರೇಶನ ಅಂಗಡಿ. ಮೊದಲು ಡಿಶ್ ಆಂಟೆನಾ ಕೂಡಿಸುತ್ತಿದ್ದ, ಆಮೇಲೆ ಸಿಸಿ ಕ್ಯಾಮೆರಾ, ಈಗ ಸ್ಮಾರ್ಟ್ ಹೋಮ್. ಕಂದೀಲಿನ ಹೆಸರು ಹೊತ್ತ ವೃತ್ತದಲ್ಲಿ ಕುಳಿತು, ಬಾಯಿಮಾತಿನಲ್ಲಿ ದೀಪ ಹಚ್ಚುವ ವ್ಯಾಪಾರ ಮಾಡುವವನು ಅವನೊಬ್ಬನೇ. ಮಂದಿ ಬರುತ್ತಿದ್ದರು, ಬಲ್ಬು ಬಣ್ಣ ಬದಲಿಸುವುದನ್ನು ಕಣ್ಣರಳಿಸಿ ನೋಡುತ್ತಿದ್ದರು, "ಭಾರಿ ಅದ ಬಿಡೋ" ಎಂದು ಹೊಗಳಿ ಒಂದು ಹೋಲ್ಡರ್ ಕೊಂಡು ಹೋಗುತ್ತಿದ್ದರು.

ಹೆಂಡತಿ ಸುನಂದಾ ದೀಪಾವಳಿಯ ತನಕ ಗಡುವು ಕೊಟ್ಟಿದ್ದಳು. ಅಷ್ಟರಲ್ಲಿ ದೊಡ್ಡ ಕೆಲಸ ಸಿಗದಿದ್ದರೆ ಅಂಗಡಿಗೆ ಬೀಗ ಹಾಕಿ, ಅವಳ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರಬೇಕು. "ಯೂರಿಯಾ ಚೀಲ ಯಾರ ಮಾತೂ ಕೇಳಂಗಿಲ್ರಿ. ಆದ್ರೂ ತಾನಾಗೇ ಖಾಲಿ ಆಗ್ತದ" ಎಂದಿದ್ದಳು. ಭಾವನ ಕೈಕೆಳಗೆ ಕೆಲಸ! ನೆನೆಸಿಕೊಂಡರೇ ಕೊಟ್ರೇಶನ ಮೂಗಿಗೆ ಗೊಬ್ಬರದ ಘಾಟು ಹೊಡೆಯುತ್ತಿತ್ತು.

ಅವನ ಆಸೆಯೆಲ್ಲ ಮಾನ್ವಿಯ ಶಂಭುಲಿಂಗಪ್ಪನವರ ಮನೆಯ ಮೇಲಿತ್ತು. ರೈಸ್ ಮಿಲ್ಲಿನ ಸಾಹುಕಾರರು, ಮನೆ ಪೂರಾ ಅವನಿಗೇ ಒಪ್ಪಿಸಿದ್ದರು. ಅವರ ಗೆಳೆಯ, ದೇವದುರ್ಗದ ಹತ್ತಿ ವ್ಯಾಪಾರಿ ಈರಯ್ಯನವರು ಎರಡಂತಸ್ತಿನ ಹೊಸ ಮನೆ ಕಟ್ಟಿಸಿದ್ದರು. ಮಾನ್ವಿಯ ಮನೆ ನೋಡಿ ಮೆಚ್ಚಿದರೆ ದೇವದುರ್ಗದ ಕೆಲಸವೂ ಕೊಟ್ರೇಶನಿಗೇ.

ಏರ್ಪಾಟೇನೋ ಅಚ್ಚುಕಟ್ಟಾಗಿತ್ತು. ಟಿವಿಯ ಕೆಳಗೆ ಒಂದು ಸಣ್ಣ ಡಬ್ಬಿ. ಅದರೊಳಗೆ ಸಿನಿಮಾ, ಸ್ವಾಮಿಗಳ ಪ್ರವಚನ, ಮಕ್ಕಳ ಮದುವೆಯ ವಿಡಿಯೋ ಎಲ್ಲವೂ ಇದ್ದವು. ಪಕ್ಕದಲ್ಲಿ ಮಾತು ಕೇಳುವ ಗುಂಡನೆಯ ಪೆಟ್ಟಿಗೆ, ಹೆಸರು ಗಂಗವ್ವ. "ಗಂಗವ್ವ, ಸಿನಿಮಾ ಹಚ್ಚು" ಎಂದರೆ ಸಾಕು: ಪರದೆ ಸರಿಯುತ್ತದೆ, ದೊಡ್ಡ ಲೈಟು ಆರುತ್ತದೆ, ಫ್ಯಾನು ಸದ್ದಡಗಿಸಿಕೊಳ್ಳುತ್ತದೆ, ಟಿವಿ ಶುರುವಾಗುತ್ತದೆ.

"ಈ ಡಬ್ಬಿ ಏನೋ?" ಎಂದು ಶಂಭುಲಿಂಗಪ್ಪ ಕೇಳಿದರು.

"ಸರ್ವರ್ ರೀ ಯಪ್ಪಾ."

"ಸರ್ವರ್ ಅಂದ್ರ ಕೈಯಾಗ ಚಾದ ಕಪ್ಪು-ಬಸಿ ಇರಬೇಕಲ್ಲೋ!"

ಕೊಟ್ರೇಶ ನಕ್ಕ. ಆ ಮನೆಯಲ್ಲಿ ಅವನು ನಕ್ಕದ್ದು ಅದೇ ಕೊನೆ. ಸ್ಮಾರ್ಟ್ ಹೋಮ್ ಮಾಡಿಸಿದ ಆ ಮನೆಯಲ್ಲಿ ಮಾರನೆಯ ದಿನದಿಂದಲೇ ಅವನ ತಾಳ್ಮೆಯ ಹೋಮ ಶುರುವಾಯಿತು.

"ನಿನ್ನ ಗಂಗವ್ವಗ ಸೊಕ್ಕು ಭಾಳ ಅದಪಾ" ಎಂದು ಸಾಹುಕಾರರ ಹೆಂಡತಿ ಅಂಬಮ್ಮ ಫೋನು ಮಾಡಿದರು. ಕೊಟ್ರೇಶ ಬೈಕು ಹತ್ತಿ ಮಾನ್ವಿಗೆ ಹೋದ. "ಹೆಂಗ್ ಹೇಳ್ತೀರಿ, ನನ್ನ ಮುಂದ ಒಮ್ಮಿ ಹೇಳ್ರೆವ್ವಾ" ಎಂದ.

ಅಂಬಮ್ಮ ಸೆರಗು ಸರಿ ಮಾಡಿಕೊಂಡು ಪೆಟ್ಟಿಗೆಯ ಮುಂದೆ ಕುಳಿತರು. "ಗಂಗವ್ವಾ, ಚಾ ಆತೇನವ್ವಾ?" ಎಂದು ಕೇಳಿ, ಮರ್ಯಾದಸ್ಥರು ಕಾಯುವಂತೆ ಉತ್ತರಕ್ಕೆ ಕಾದರು.

ಪೆಟ್ಟಿಗೆ ಪುಸ್ತಕದ ಕನ್ನಡದಲ್ಲಿ ಉತ್ತರಿಸಿತು: "ಕ್ಷಮಿಸಿ, ಚಹಾ ಎಂಬ ಸಾಧನ ಈ ಮನೆಯಲ್ಲಿ ಇಲ್ಲ."

"ಕೇಳ್ದೇನು?" ಅಂಬಮ್ಮನ ದನಿ ಏರಿತು. "ಹಾದೀಲೆ ಹೋಗೋರನ್ನೂ ಕರದು ಚಾ ಕೊಡೋ ಮನಿ ಇದು. ನಮ್ಮ ಮನ್ಯಾಗ ಕುಂತು ಚಾ ಇಲ್ಲ ಅಂತಾಳ!"

"ಯವ್ವಾ, ಅದು ಮಷೀನು. ಚಾ-ಗೀ ಕೇಳಬಾರದ್ರಿ. ಸೀದಾ ಕೆಲಸ ಹೇಳಬೇಕು."

"ಬಾಯಿ ತೆಗದ ಕೂಡ್ಲೆ ಕೆಲಸ ಹೇಳಾಕ ನಾವೇನು ಜೀತಕ್ಕ ಇಟ್ಕೊಂಡೀವೇನೋ? ಹೆಣ್ಣುಮಗಳ ದನಿ ಅದ. ಒಂದು ಮಾತು ಕೇಳಬ್ಯಾಡೇನು?"

ಸೀದಾ ಹೇಳುವುದರಲ್ಲಿ ಏನು ತಪ್ಪೋ ಕೊಟ್ರೇಶನಿಗೆ ಹೊಳೆಯಲಿಲ್ಲ. ವರ್ಷಗಟ್ಟಲೆ ಮಷೀನುಗಳ ಜೊತೆ ಬಾಳಿ ಅವನ ಮಾತೇ ಹಾಗಾಗಿತ್ತು. ಮನೆಯಲ್ಲೂ "ಸುನಂದಾ, ಟಾವೆಲ್", "ಸುನಂದಾ, ಊಟ" ಅಷ್ಟೇ. ಅಂಬಮ್ಮನಿಗೆ ಅವನು ಗಿಣಿಗೆ ಹೇಳಿದಂತೆ ಹೇಳಿಕೊಟ್ಟ. ಅವರು ಗಿಣಿಯಂತೆಯೇ ತಲೆಯಾಡಿಸಿದರು. ರಾಯಚೂರಿಗೆ ಮರಳುವ ದಾರಿಯಲ್ಲಿ ಅವನು ಕಲ್ಲೂರು ದಾಟುವಷ್ಟರಲ್ಲಿ ಮತ್ತೆ ಫೋನು ಬಂತು: "ತಮ್ಮಾ, ಈಗ 'ಉಂಡೇನವ್ವಾ' ಅಂತ ಕೇಳಿದೆ. ಅದೂ ಇಲ್ಲಂತ!"

ಅವನು ಬೈಕನ್ನು ಬೇವಿನ ಮರಕ್ಕೆ ಒರಗಿಸಿ, ಹಣೆಯನ್ನು ಬೈಕಿಗೆ ಒರಗಿಸಿದ.

ಮನೆಗೆ ಬಂದು ಹಟಕ್ಕೆ ಬಿದ್ದ. ಅವರು ಬದಲಾಗುವುದಿಲ್ಲ, ಗಂಗವ್ವನನ್ನೇ ಬದಲಿಸುತ್ತೇನೆ ಎಂದು ಸುನಂದಾಳನ್ನು ಮೈಕಿನ ಮುಂದೆ ಕೂರಿಸಿ ಅವಳ ದನಿ ತುಂಬಿದ: "ಆತ್ರಿ, ನಿಮ್ದು ಆತೇನ್ರಿ?" "ಆರಾಮ್ ಅದೀನ್ರಿ. ನೀವು ಆರಾಮ್ ಅದೀರೇನ್ರಿ?" "ಹೌದೇನ್ರಿ? ಮತ್ತೇನ್ರಿ?" ಮಾತು ತಿಳಿಯದಿದ್ದರೆ ಹೇಳಲು ಇನ್ನೊಂದು: "ತಪ್ಪು ತಿಳೀಬ್ಯಾಡ್ರಿ, ನನಗ ತಿಳೀಲಿಲ್ಲ. ಇನ್ನೊಮ್ಮೆ ಹೇಳ್ರಿ."

"ಇಷ್ಟೊಂದು ಮಾತು ನನ್ನ ಕೂಡ ಎಂದಾದ್ರೂ ಆಡೀರೇನ್ರಿ?" ಎಂದಳು ಸುನಂದಾ.

"ಹತ್ತರ ಬಾ, ಮೈಕಿಗೆ ಸರಿಯಾಗಿ ಕೇಳವಲ್ದು" ಎಂದ ಕೊಟ್ರೇಶ.

ಉಪಚಾರ ಮುಗಿಸಿ ಗಂಗವ್ವ "ಮತ್ತೇನ್ರಿ?" ಎಂದಾಗ ಅಂಬಮ್ಮ ಕೆಲಸ ಹೇಳುತ್ತಾರೆ ಎಂಬುದು ಅವನ ಲೆಕ್ಕ. ಆದರೆ ಈ ಸೀಮೆಯಲ್ಲಿ ಯಾರಾದರೂ "ಮತ್ತೇನ್ರಿ" ಎಂದರೆ ಜನ ಎದ್ದು ಹೋಗುವುದಿಲ್ಲ, ಇನ್ನಷ್ಟು ಸರಿಯಾಗಿ ಕೂರುತ್ತಾರೆ. ಅಂಬಮ್ಮ ಸೊಸೆಯ ಸುದ್ದಿ ತೆಗೆದರು, ಸೊಂಟನೋವು ತೆಗೆದರು. ಗಂಗವ್ವ ಎಲ್ಲದಕ್ಕೂ "ಹೌದೇನ್ರಿ? ಮತ್ತೇನ್ರಿ?" ಎಂದಳು. ಪ್ರವಚನ ಡಬ್ಬಿಯಲ್ಲೇ ಉಳಿಯಿತು.

ಅದನ್ನು ತಿದ್ದುವ ಮೊದಲೇ ಈರಯ್ಯನವರು ಮಾನ್ವಿಯ ಮನೆ ನೋಡಲು ಬಂದುಬಿಟ್ಟರು. ಕೊಟ್ರೇಶ ಅವರಿಗೆ ಬಾಗಿಲಲ್ಲೇ ಪಾಠ ಮಾಡಿದ: "'ಗಂಗವ್ವ, ಸಿನಿಮಾ ಹಚ್ಚು.' ಇಷ್ಟೇ ರೀ ಯಪ್ಪಾ. ಬ್ಯಾರೆ ಒಂದಕ್ಷರ ಬ್ಯಾಡ್ರಿ."

"ಆತಪಾ, ಅದೇನು ದೊಡ್ಡ ಮಾತು" ಎಂದು ಈರಯ್ಯ ಸೋಫಾದಲ್ಲಿ ಕುಳಿತರು. ಹೆಗಲ ವಸ್ತ್ರ ಕೊಡವಿದರು, ಕೆಮ್ಮಿದರು. "ಗಂಗವ್ವಾ, ಆರಾಮ ಅದೀಯೇನವ್ವಾ?"

ಕೊಟ್ರೇಶ ಕಣ್ಣು ಮುಚ್ಚಿದ.

"ಆರಾಮ್ ಅದೀನ್ರಿ. ನೀವು ಆರಾಮ್ ಅದೀರೇನ್ರಿ?"

"ಎಲ್ಲಿ ಆರಾಮವ್ವಾ. ಮಣಕಾಲು ಹಿಡಕೊಂಡಾವ."

"ಹೌದೇನ್ರಿ? ಮತ್ತೇನ್ರಿ?"

ಈರಯ್ಯ ಸೋಫಾಕ್ಕೆ ಬೆನ್ನು ಆನಿಸಿ ಕುಳಿತರು. ಮಂಡಿನೋವಿನಿಂದ ಹತ್ತಿಗೆ ಬಂದರು, ಹತ್ತಿಯಿಂದ ಮಕ್ಕಳಿಗೆ ಬಂದರು. ಕೊಟ್ರೇಶ ಅವರ ಬೆನ್ನ ಹಿಂದೆ ನಿಂತು ಪರದೆ ತೋರಿಸಿದ, ಲೈಟು ತೋರಿಸಿದ, ಎರಡೂ ಕೈ ಜೋಡಿಸಿದ. ಯಾರೂ ನೋಡಲಿಲ್ಲ. ಚಹಾ ಬಂತು, ಬಸಿ ಖಾಲಿಯಾಯಿತು. ಗೊಬ್ಬರದ ಘಾಟು ಅವನ ಮೂಗಿನ ತನಕ ಬಂತು.

ಕೊನೆಗೆ ಈರಯ್ಯ ಎದ್ದರು. "ನಡೀತೀನವ್ವಾ. ಹೊತ್ತಾತು."

"ಯಪ್ಪಾ, ಸಿನಿಮಾ ನೋಡಲಿಲ್ಲಲ್ರಿ!" ಕೊಟ್ರೇಶನ ದನಿ ಅಳುವಂತಿತ್ತು. "ಪರದೆ ತಾನಾಗೇ ಸರೀತದ್ರಿ. ಲೈಟು..."

"ಪರದೆ ಸರಸಾಕ ಕೈ ಅದಾವಲ್ಲೋ. ಅವೆಲ್ಲಾ ನಿನ್ನತ್ರಾನೇ ಇರಲಿ. ಈ ಹುಡುಗಿನ್ನ ಹಚ್ಚು ನಮ್ಮ ಮನಿಗೆ. ಕೆಳಗೊಂದು, ಮ್ಯಾಲೊಂದು, ಹತ್ತಿ ಮಿಲ್ಲಿಗೊಂದು. ಮನಿ ತುಂಬ ಮಂದಿ ಅದಾರ, ಎಲ್ಲಾರ ಕೈಯಾಗೂ ಫೋನು. 'ಮತ್ತೇನು' ಅಂತ ಕೇಳೋರು ಒಬ್ಬರಿಲ್ಲ."

"ನಾ ಹೇಳ್ಲಿಲ್ಲೇನು?" ಎಂದರು ಅಂಬಮ್ಮ. "ಸೊಕ್ಕು ಇಳದ ಮ್ಯಾಲ ಭಾಳ ಚಲೋ ಆಗ್ಯಾಳ."

ಕೆಲಸ ಸಿಕ್ಕಿತು. ಅಂಗಡಿ ಉಳಿಯಿತು, ಭಾವ ತಪ್ಪಿದ. ಆದರೂ ರಾಯಚೂರಿನ ದಾರಿಯುದ್ದಕ್ಕೂ ಕೊಟ್ರೇಶ ಹೆಲ್ಮೆಟ್ಟಿನೊಳಗೆ ಬೈದುಕೊಂಡೇ ಬಂದ. ಪರದೆ, ಲೈಟು, ಫ್ಯಾನು, ಟಿವಿ ನಾಲ್ಕನ್ನೂ ಒಂದೇ ಮಾತಿಗೆ ಕಟ್ಟಿದ್ದ. ಆ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತನ್ನೂ ಆಡಿದ್ದರು.

ಮನೆಗೆ ಬಂದವನು ಸೋಫಾದ ಮೇಲೆ ಬಿದ್ದ. "ಸುನಂದಾ, ಚಾ" ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಸುನಂದಾ, ಚಾ!"

ಒಳಗಿನಿಂದ, ಮೈಕಿನ ಮುಂದೆ ಆಡಿದಷ್ಟೇ ನಯವಾಗಿ, ದನಿ ಬಂತು: "ತಪ್ಪು ತಿಳೀಬ್ಯಾಡ್ರಿ, ನನಗ ತಿಳೀಲಿಲ್ಲ. ಇನ್ನೊಮ್ಮೆ ಹೇಳ್ರಿ."