ನನ್ನ ಜೀಪಿನ ಹೊಸ ದನಿ

ಸಂಡೂರಿನ ಗುಡ್ಡ ಹತ್ತಲು ನಾನಿಟ್ಟುಕೊಂಡಿದ್ದ ಹಳೆ ಜೀಪು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಹೊಸಪೇಟೆಯ ಮೆಕ್ಯಾನಿಕ್ ಒಬ್ಬರು ಗುಜರಿಗೆ ಬಂದಿದ್ದ ಟೆಂಪೊದ ಡೀಸೆಲ್ ಎಂಜಿನ್ ಅದಕ್ಕೆ ಕೂರಿಸಿದರು. "ಮೈಲೇಜ್ ಮಸ್ತ್ ಬರ್ತೈತ್ರಿ. ಸದ್ದು ಮಾತ್ರ ಟೆಂಪೊದ್ದ," ಅಂದರು. ನಾನೇನು ಮೆರವಣಿಗೆ ಹೊರಡಬೇಕೇ ಎಂದು ನಕ್ಕೆ.

ಮರುದಿನ ಹತ್ತಿರದ ದಾರಿಯೆಂದು ಚಿತ್ತವಾಡ್ಗಿಯ ಓಣಿಗೆ ತಿರುಗಿದ್ದೇ ತಡ, ಹೆಂಗಸರು ಚೀಲ ಹಿಡಿದು ಹೊರಬಂದರು. ಒಬ್ಬ ಅಜ್ಜಿ ಹಿಂದಿನ ಸೀಟಿಗೆ ಇಣುಕಿ, "ಟಮಾಟಿ ಎಲ್ಲಿ?" ಅಂದಳು. ಆ ಟೆಂಪೊ ಕಾಯಿಪಲ್ಲೆ ಮಾರುತ್ತಿದ್ದದ್ದೆಂದು ಆಗ ತಿಳಿಯಿತು.

"ಎಂಜಿನ್ ಅಷ್ಟೇ ಅದರದು, ಅಜ್ಜಿ. ಜೀಪು ನನ್ನದು."

"ಕಾಯಿಪಲ್ಲೆ ಇಲ್ದ ಯಾಕ ಸದ್ದು ಮಾಡ್ಕೊಂತ ಬರ್ತಿ? ಒಲಿ ಮ್ಯಾಲೆ ಬ್ಯಾಳಿ ಇಟ್ಟು ಓಡಿ ಬಂದೀನಿ!"

ಮೈಲೇಜ್ ನಿಜಕ್ಕೂ ಚೆನ್ನಾಗಿದೆ. ಉಳಿದ ಡೀಸೆಲ್ಲೆಲ್ಲ ಆ ಓಣಿ ತಪ್ಪಿಸಿ ಊರು ಸುತ್ತುವುದಕ್ಕೆ ಸರಿಹೋಗುತ್ತದೆ.